ಮನಶ್ಶಾಸ್ತ್ರದ ಡಿಗ್ರಿ: ಸಾಲಕ್ಕೆ ಸಹಿ ಹಾಕುವ ಮುನ್ನ

ಪಿಯುಸಿ ಫಲಿತಾಂಶ ಬಂತೆಂದರೆ ಸಾಕು, ಸಿಟಿ ಬಸ್ಸುಗಳ ಬೆನ್ನ ಮೇಲೆ, ಆಟೋಗಳ ಹಿಂದೆ ಕಾಲೇಜುಗಳ ಜಾಹೀರಾತು ಹತ್ತಿ ಕೂರುತ್ತವೆ. ಒಂದು ಕಾಲಕ್ಕೆ ಎಂಜಿನಿಯರಿಂಗ್, ಆಮೇಲೆ ಬಿ.ಕಾಂ., ಬಿ.ಸಿ.ಎ. ಈಗ ಆ ಸಾಲಿಗೆ ಮನಶ್ಶಾಸ್ತ್ರವೂ ಸೇರಿದೆ. ‘ಸೈಕಾಲಜಿಗೆ ಭಾರಿ ಡಿಮ್ಯಾಂಡ್’ ಅಂತ ಹೇಳುವವರಿಗೆ ಬರವಿಲ್ಲ. ಮಗಳು ಆಸೆಪಡುತ್ತಾಳೆ, ಅಪ್ಪ ಬ್ಯಾಂಕಿನ ಮೆಟ್ಟಿಲು ಹತ್ತುತ್ತಾನೆ. ಆದರೆ ಡಿಮ್ಯಾಂಡ್ ಇರುವುದು ಮೂರು ವರ್ಷದ ಬಿ.ಎ.ಗೋ, ಅದರಾಚೆಯ ಓದಿಗೋ ಎಂದು ಕೇಳುವವರು ಮಾತ್ರ ಕಡಿಮೆ.

ಮನಶ್ಶಾಸ್ತ್ರವನ್ನು ಹೀಗಳೆಯಲು ಈ ಮಾತು ಹೇಳುತ್ತಿಲ್ಲ. ಹೀಗಳೆದರೆ ಮೈಸೂರಿಗೇ ಅವಮಾನ. ಕಲ್ಕತ್ತಾ ಬಿಟ್ಟರೆ ದೇಶದಲ್ಲಿ ಈ ವಿಷಯಕ್ಕೆ ಪ್ರತ್ಯೇಕ ವಿಭಾಗ ತೆರೆದದ್ದು ನಮ್ಮ ಮೈಸೂರು ವಿಶ್ವವಿದ್ಯಾನಿಲಯ, 1924ರಲ್ಲಿ. ಲಂಡನ್ನಿನಲ್ಲಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಅದನ್ನು ಕಟ್ಟಿದರು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಹೆಸರಿನ ರೇಡಿಯೋ ಕೇಂದ್ರ ಶುರುಮಾಡಿದ ಮೇಷ್ಟ್ರೂ ಇವರೇ.

ಜನಕ್ಕೆ ಈ ವಿದ್ಯೆಯ ಅಗತ್ಯವಿಲ್ಲ ಅನ್ನುವಂತೆಯೂ ಇಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಬಾಗಿಲನ್ನೇ ತಟ್ಟಿಲ್ಲ. ಕಾಯಿಲೆ ಇದೆ, ನೋಡುವವರಿಲ್ಲ. ಹಾಗಾದರೆ ಬಿ.ಎ. ಮುಗಿಸಿದವರಿಗೆ ಕೆಲಸ ಸಿಗಬೇಕಲ್ಲ?

ಸಿಗುವುದಿಲ್ಲ. ಕಾರಣ ಕಾನೂನಿನಲ್ಲಿದೆ.

ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡು ಹಾಕಬೇಕಾದರೆ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ಹೆಸರು ನೋಂದಣಿಯಾಗಿರಬೇಕು. ಇದು 1992ರ ಕಾಯಿದೆ. ನೋಂದಣಿಯಿಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನೋಂದಣಿಗೆ ಬಹುಕಾಲ ನಡೆದುಬಂದ ದಾರಿ ಇದು: ಮೂರು ವರ್ಷ ಡಿಗ್ರಿ, ಎರಡು ವರ್ಷ ಎಂ.ಎ. ಅಥವಾ ಎಂ.ಎಸ್ಸಿ., ಆಮೇಲೆ ಆಸ್ಪತ್ರೆಯಲ್ಲಿ ತರಬೇತಿ ಪಡೆಯುತ್ತಾ ಎರಡು ವರ್ಷ ಎಂ.ಫಿಲ್. ಒಟ್ಟು ಏಳು ವರ್ಷ. ಆ ಕೊನೆಯ ಮೆಟ್ಟಿಲಿನಲ್ಲಿ ಸೀಟುಗಳು ಬಹಳ ಕಡಿಮೆ. ಈ ಎಂ.ಫಿಲ್.ಗೆ ಸೇರಿಸಿಕೊಳ್ಳಲು ಯುಜಿಸಿ ಕೊಟ್ಟ ಅವಕಾಶವೂ 2025-26ನೇ ಸಾಲಿನವರೆಗೆ ಮಾತ್ರ. ಇನ್ನು ಮುಂದೆ ಯಾವ ಕೋರ್ಸಿಗೆ ಮನ್ನಣೆ ಇದೆ ಎಂಬುದನ್ನು ಮಂಡಳಿಯ ಪಟ್ಟಿಯಲ್ಲೇ ನೋಡಿಕೊಳ್ಳಬೇಕು, ಕಾಲೇಜಿನವರ ಬಾಯಿಮಾತಿನಲ್ಲಲ್ಲ. ಸಾದಾ ಬಿ.ಎ. ಒಂದೇ ಸಾಲದು ಎಂಬುದಂತೂ ಬದಲಾಗಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ಮಾನಸಗಂಗೋತ್ರಿಯಲ್ಲೇ ಇದೆ. ಅಲ್ಲಿನ ವಾಕ್ ಶ್ರವಣ ಸಂಸ್ಥೆಯಲ್ಲಿ ನಾಲ್ಕು ವರ್ಷದ ಡಿಗ್ರಿ ಮುಗಿಸಿದ ಹುಡುಗಿ ಅದೇ ಪುನರ್ವಸತಿ ಮಂಡಳಿಯಲ್ಲಿ ಹೆಸರು ಬರೆಸಿ ಕೆಲಸ ಹಿಡಿಯಬಹುದು. ಆ ಡಿಗ್ರಿಯೇ ವೃತ್ತಿಯ ಲೈಸೆನ್ಸ್. ಮನಶ್ಶಾಸ್ತ್ರದ ಬಿ.ಎ. ಹಾಗಲ್ಲ. ಅದು ಮುಂದಿನ ಓದಿಗೆ ಒಳಗೆ ಬಿಡುವ ಚೀಟಿ ಅಷ್ಟೆ.

ಈಗ ಲೆಕ್ಕಕ್ಕೆ ಬರೋಣ. ವ್ಯಾಪಾರಸ್ಥರಿಗೆ ಇದು ಬೇಗ ಅರ್ಥವಾಗುತ್ತದೆ.

ಖಾಸಗಿ ಕಾಲೇಜು, ಹಾಸ್ಟೆಲ್ಲು ಅಂತ ವರ್ಷಕ್ಕೆ ಒಂದು ಲಕ್ಷದಂತೆ ಮೂರು ಲಕ್ಷ ಸಾಲ ತಗೊಂಡಿರಿ ಅನ್ನೋಣ. ಬಡ್ಡಿ ನೂರಕ್ಕೆ ಹತ್ತು ಎಂದಿಟ್ಟುಕೊಳ್ಳಿ. ಓದುವ ಮೂರು ವರ್ಷ, ಆಮೇಲೊಂದು ವರ್ಷ ಕಂತು ಕೇಳುವುದಿಲ್ಲ. ಕೇಳುವುದಿಲ್ಲ ನಿಜ, ಆದರೆ ಬಡ್ಡಿ ನಿದ್ದೆ ಮಾಡುವುದಿಲ್ಲ. ಮೊದಲ ಲಕ್ಷಕ್ಕೆ ನಾಲ್ಕು ವರ್ಷದ ಸಾದಾ ಬಡ್ಡಿ 40,000. ಎರಡನೆಯದಕ್ಕೆ 30,000. ಮೂರನೆಯದಕ್ಕೆ 20,000. ಕಂತು ಶುರುವಾಗುವ ದಿನ ನಿಮ್ಮ ಸಾಲ 3,90,000. ಅದನ್ನು ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 5,150 ರೂಪಾಯಿ. ತೀರುವ ಹೊತ್ತಿಗೆ ಕಟ್ಟಿದ್ದು ಆರು ಲಕ್ಷ ದಾಟಿರುತ್ತದೆ. ಪಡೆದದ್ದು ಮೂರು, ಕೊಟ್ಟದ್ದು ಆರು.

ನಾಲ್ಕು ಲಕ್ಷದವರೆಗಿನ ಸಾಲಕ್ಕೆ ಜಾಮೀನು ಬೇಡ ಅಂತ ಖುಷಿಪಡುವವರಿದ್ದಾರೆ. ಸ್ವಾಮಿ, ಪತ್ರದಲ್ಲಿ ಅಪ್ಪನೋ ಅಮ್ಮನೋ ಸಹ-ಸಾಲಗಾರರಾಗಿ ಸಹಿ ಹಾಕಿರುತ್ತಾರೆ. ಮಗಳು ಕಟ್ಟದಿದ್ದರೆ ನೋಟೀಸು ಬರುವುದು ಅಂಗಡಿಗೇ. ಇನ್ನು ಕೇಂದ್ರ ಸರ್ಕಾರದ ಹಳೆಯ ಬಡ್ಡಿ ಸಹಾಯಧನ ವೃತ್ತಿಪರ, ತಾಂತ್ರಿಕ ಕೋರ್ಸುಗಳಿಗೆ. 2024ರಲ್ಲಿ ಬಂದ ವಿದ್ಯಾಲಕ್ಷ್ಮಿ ಯೋಜನೆ ಸರ್ಕಾರ ಆರಿಸಿದ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ. ನಿಮ್ಮ ಕಾಲೇಜು, ನಿಮ್ಮ ಕೋರ್ಸು ಇವುಗಳಲ್ಲಿ ಬರುತ್ತದೋ ಇಲ್ಲವೋ, ಸಹಿ ಹಾಕುವ ಮುನ್ನವೇ ಕೇಳಬೇಕು.

ಸಂಪಾದನೆಯ ಕಡೆ ನೋಡೋಣ. ಬಿ.ಎ. ಮುಗಿಸಿದವಳಿಗೆ ದಾರಿಗಳೇ ಇಲ್ಲವೆಂದಲ್ಲ. ಬ್ಯಾಂಕ್ ಪರೀಕ್ಷೆ ಇದೆ, ಎಫ್.ಡಿ.ಎ. ಇದೆ, ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆ ಇದೆ. ಆದರೆ ಇವಕ್ಕೆಲ್ಲ ಯಾವ ಡಿಗ್ರಿಯಾದರೂ ನಡೆಯುತ್ತದೆ, ಇತಿಹಾಸ ಓದಿದವಳೂ ಅದೇ ಸಾಲಿನಲ್ಲಿ ನಿಲ್ಲುತ್ತಾಳೆ. ಪಾಠ ಹೇಳೋಣ ಅಂದರೆ ಸರ್ಕಾರಿ ಹೈಸ್ಕೂಲಿನಲ್ಲಿ ಮನಶ್ಶಾಸ್ತ್ರ ಎಂಬ ವಿಷಯವೇ ಇಲ್ಲ, ಪಿಯು ಕಾಲೇಜಿಗೆ ಹೋಗಲು ಎಂ.ಎ. ಬೇಕು. ಉಳಿದದ್ದು ಸ್ವಯಂಸೇವಾ ಸಂಸ್ಥೆ, ಖಾಸಗಿ ಶಾಲೆಯ ಸಮಾಲೋಚಕಿ ಕೆಲಸ, ಬೆಂಗಳೂರಿನ ಕಂಪನಿಗಳ ಎಚ್.ಆರ್. ವಿಭಾಗ. ಹೊಸಬಳಿಗೆ 15,000 ಸಿಕ್ಕಿತೆಂದೇ ಹಿಡಿಯಿರಿ. ಕಂತು ಕಳೆದರೆ ಹತ್ತು ಸಾವಿರವೂ ಕೈಯಲ್ಲಿ ಉಳಿಯುವುದಿಲ್ಲ. ಅದರಲ್ಲಿ ಬೆಂಗಳೂರಿನ ರೂಮು, ಊಟ, ಬಸ್ಸು. ಕೆಲಸವೇ ಸಿಗಲಿಲ್ಲವೋ, ನಿಯಮಕ್ಕೆ ಒಳಪಟ್ಟವರಿಗೆ ರಾಜ್ಯ ಸರ್ಕಾರದ ಯುವನಿಧಿ ತಿಂಗಳಿಗೆ 3,000, ಅದೂ ಎರಡು ವರ್ಷ. ಕಂತಿನ ಮುಕ್ಕಾಲು ಪಾಲಿಗೂ ಅದು ಸಾಲುವುದಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ನಿಜವಾದ ಕೆಲಸ ಕೊಡಿಸುವ ಎಂ.ಎ.ಗೆ, ಆಸ್ಪತ್ರೆ ತರಬೇತಿಗೆ ದುಡ್ಡು ಬೇಕಾದಾಗ ಮನೆಯವರ ಸಾಲ ಪಡೆಯುವ ಶಕ್ತಿ ಆಗಲೇ ಖರ್ಚಾಗಿರುತ್ತದೆ. ಬ್ಯಾಂಕಿನವರು ಒಪ್ಪಿ ಕಂತು ಮುಂದೂಡಿದರೂ ಹಳೆಯ ಮೂರು ಲಕ್ಷಕ್ಕೆ ತಿಂಗಳಿಗೆ 2,500 ಬಡ್ಡಿ ಏರುತ್ತಲೇ ಇರುತ್ತದೆ. ಹಾಗಾಗಿ ಎಷ್ಟೋ ಮಕ್ಕಳು ಅರ್ಧ ಸೇತುವೆಯ ಮೇಲೆ ನಿಂತುಬಿಡುತ್ತಾರೆ. ಹಿಂದಕ್ಕೆ ಬರುವ ಹಾಗಿಲ್ಲ, ಮುಂದಕ್ಕೆ ಹೋಗಲು ಕಾಸಿಲ್ಲ.

ನಮ್ಮ ಸಲಹೆ ಸರಳ. ಮಗಳಿಗೆ ಮನಶ್ಶಾಸ್ತ್ರದ ಮೇಲೆ ನಿಜವಾದ ಒಲವಿದ್ದರೆ ತಡೆಯಬೇಡಿ. ಆದರೆ ಮೊದಲ ಮೂರು ವರ್ಷಕ್ಕೆ ಸಾಲ ಮಾಡಬೇಡಿ. ಈ ವಿಷಯ ಸಿಗುವ ಸರ್ಕಾರಿ ಕಾಲೇಜೋ, ವಿಶ್ವವಿದ್ಯಾನಿಲಯದ ಕಾಲೇಜೋ ನೋಡಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪ್ರಯಾಣಕ್ಕೆ ದುಡ್ಡಿಲ್ಲ. ನಂಜನಗೂಡು, ಹುಣಸೂರು, ತಿ. ನರಸೀಪುರದಿಂದ ಬೆಳಗ್ಗೆ ಬಂದು ಸಂಜೆ ಮನೆ ಸೇರಬಹುದು, ಹಾಸ್ಟೆಲ್ಲಿನ ಬಾಬ್ತು ಪೂರ್ತಿ ಉಳಿತಾಯ. ಸಾಲ ಮಾಡಲೇಬೇಕಾದರೆ ಅದು ಲೈಸೆನ್ಸ್ ಕೊಡಿಸುವ ಓದಿಗೆ ಇರಲಿ.

ತಂದೆತಾಯಿಗಳಿಗೆ ಬುದ್ಧಿ ಹೇಳಿದರೆ ಮುಗಿಯಲಿಲ್ಲ. ‘ಈ ಪದವಿಯೊಂದರಿಂದಲೇ ಮನಶ್ಶಾಸ್ತ್ರಜ್ಞರಾಗಿ ನೋಂದಾಯಿಸಲು ಆಗುವುದಿಲ್ಲ’ ಎಂಬ ಒಂದು ಸಾಲನ್ನು ಪ್ರಾಸ್ಪೆಕ್ಟಸ್ಸಿನಲ್ಲಿ ಅಚ್ಚು ಹಾಕಲು ಕಾಲೇಜುಗಳಿಗೆ ಏನು ಕಷ್ಟ? ವಿಶ್ವವಿದ್ಯಾನಿಲಯ ಅದನ್ನು ಕಡ್ಡಾಯ ಮಾಡಲಿ. ಹಸು ಕೊಳ್ಳುವ ಸಾಲಕ್ಕೆ ಹಾಲಿನ ಲೆಕ್ಕ ಕೇಳುವ ಬ್ಯಾಂಕಿನವರು, ಡಿಗ್ರಿ ಸಾಲಕ್ಕೂ ಕಂತಿನ ಲೆಕ್ಕವನ್ನು ಕನ್ನಡದಲ್ಲಿ ಬರೆದು ಕೊಡಲಿ.

ಸರ್ಕಾರಕ್ಕೂ ಒಂದು ಮಾತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಸಿಕ್ಕಿದ್ದು ನಮ್ಮದೇ ಬಳ್ಳಾರಿಯಲ್ಲಿ, 1985ರಿಂದ ನಿಮ್ಹಾನ್ಸ್ ನಡೆಸಿದ ಪ್ರಯೋಗದಲ್ಲಿ. ಅದನ್ನೇ 1996ರಲ್ಲಿ ದೇಶ ಎತ್ತಿಕೊಂಡಿತು. ತಾಲ್ಲೂಕು ಆಸ್ಪತ್ರೆಗೊಬ್ಬ ತರಬೇತಾದ ಸಮಾಲೋಚಕಿಯ ಕಾಯಂ ಹುದ್ದೆ ಮಾಡಿದರೆ ರೋಗಿಗೂ ಅನುಕೂಲ, ಓದಿದ ಮಕ್ಕಳಿಗೂ ಅನ್ನ. ಅಲ್ಲಿಯವರೆಗೆ, ‘ಭಾರಿ ಡಿಮ್ಯಾಂಡ್’ ಎಂಬ ಜಾಹೀರಾತು ಕಂಡರೆ ‘ಯಾವ ಕೆಲಸಕ್ಕೆ, ಎಷ್ಟು ಸಂಬಳಕ್ಕೆ?’ ಅಂತ ಕಾಲೇಜಿನವರನ್ನೇ ಕೇಳಿ. ಉತ್ತರವನ್ನು ಬರವಣಿಗೆಯಲ್ಲಿ ಕೊಟ್ಟರೆ ಆಮೇಲೆ ಫೀಜು ಕಟ್ಟಿ.