ಪ್ರಶ್ನೆ ಕಡಿಮೆಯಿರಲಿ, ಊರಿಗೆ ತಕ್ಕಂತಿರಲಿ

ಮೂವತ್ತು ದಾಟಿದವರ ಆರೋಗ್ಯ ವಿಚಾರಿಸಲು ಆಶಾ ಕಾರ್ಯಕರ್ತೆಯರು ಮನೆಗೆ ತರುವ ಪ್ರಶ್ನೆಪಟ್ಟಿಯನ್ನು ಓದುಗರಲ್ಲಿ ಅನೇಕರು ನೋಡಿರಬಹುದು. ವಯಸ್ಸು, ಹೊಗೆಸೊಪ್ಪು, ಮದ್ಯ, ಸೊಂಟದ ಸುತ್ತಳತೆ, ಮನೆತನದ ಕಾಯಿಲೆ ಇತ್ಯಾದಿಗಳಿಗೆ ಅಂಕ ಕೊಡುತ್ತಾರೆ. ಅಂಕ 4ನ್ನು ಮೀರಿದವರಿಗೆ ತಪಾಸಣೆಯಲ್ಲಿ ಆದ್ಯತೆ. ನಂತರ ರೋಗಲಕ್ಷಣಗಳ ಪ್ರಶ್ನೆಗಳು. ಪಟ್ಟಿ ಒಳ್ಳೆಯದೇ. ಆದರೆ ಉದ್ದವಾದಷ್ಟೂ ಬೇಸರ ಹೆಚ್ಚು. ಬೇಸತ್ತವರು ಎಲ್ಲಕ್ಕೂ 'ಇಲ್ಲ' ಎಂದುಬಿಡುತ್ತಾರೆ. ಅಂಥ ಒಂದು 'ಇಲ್ಲ'ದ ಹಿಂದೆ ಕ್ಷಯವೋ ಕ್ಯಾನ್ಸರೋ ಅಡಗಿರಬಹುದು.

ಇದಕ್ಕೆ ಗಣಿತದಲ್ಲಿ ದಾರಿಯಿದೆ. 'ಹೌದು-ಇಲ್ಲ'ದ ಪ್ರತಿ ಪ್ರಶ್ನೆಯೂ ಸಾಧ್ಯತೆಗಳನ್ನು ಅರ್ಧಕ್ಕಿಳಿಸಿದರೆ, 10 ಪ್ರಶ್ನೆಗಳಲ್ಲಿ 1024 ಸಾಧ್ಯತೆಗಳ ಪೈಕಿ ಒಂದನ್ನು ಗುರುತಿಸಬಹುದು. ಅದಕ್ಕೆ ಪ್ರಶ್ನೆಗಳು ಸಾಲಾಗಿ ನಿಲ್ಲದೆ ಮರದಂತೆ ಕವಲೊಡೆಯಬೇಕು. ಒಂದು ಉತ್ತರ ಮುಂದಿನ ಪ್ರಶ್ನೆಯನ್ನು ನಿರ್ಧರಿಸಬೇಕು. ಹೆಚ್ಚಾಗಿ ಬರುವುದಕ್ಕೆ ಚಿಕ್ಕ ಸಂಕೇತ, ಅಪರೂಪದ್ದಕ್ಕೆ ಉದ್ದ ಸಂಕೇತ ಎಂಬ ವಿಧಾನವನ್ನು ಅಮೆರಿಕದ ಡೇವಿಡ್ ಹಫ್‌ಮನ್ 1952ರಲ್ಲಿ ಪ್ರಕಟಿಸಿದರು. ಖಿನ್ನತೆಯನ್ನು ಪತ್ತೆಹಚ್ಚಲು ಮೊದಲು 2 ಪ್ರಶ್ನೆ ಕೇಳಿ, ಸಂಶಯ ಬಂದರೆ ಮಾತ್ರ 9 ಪ್ರಶ್ನೆಗಳಿಗೆ ಹೋಗುವ ವೈದ್ಯರ ಕ್ರಮವೂ ಇದೇ ಜಾಡಿನದು.

ಆದರೆ 'ಹೆಚ್ಚಾಗಿ ಬರುವುದು' ಊರಿಂದ ಊರಿಗೆ ಬೇರೆ. ಹೊಗೆ-ದೂಳಿನ ಕೆಲಸಕ್ಕೆ ಆಶಾ ಪಟ್ಟಿ ಕೊಡುವ ಉದಾಹರಣೆ ಇಟ್ಟಿಗೆಗೂಡು, ಗಾಜಿನ ಕಾರ್ಖಾನೆ. ರಾಮನಗರದ ನೂಲು ಬಿಚ್ಚಾಣಿಕೆ ಕಾರ್ಮಿಕ ಇದನ್ನು ಕೇಳಿ 'ಇಲ್ಲ' ಎನ್ನುವುದು ಸಹಜ. ರೇಷ್ಮೆಗೂಡು ಬೇಯಿಸುವ ಹಬೆ, ಒಲೆಯ ಹೊಗೆಯಲ್ಲಿ ದಿನವಿಡೀ ನಿಲ್ಲುವವನು ಅವನು! ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಗೆ ಮರದ ಹೊಟ್ಟು. ಕನಕಪುರ, ಮಾಗಡಿ ಕಡೆಯ ಕಲ್ಲು ಕ್ವಾರಿಗಳಲ್ಲಿ ದುಡಿಯುವವರಿಗೆ ಸಿಲಿಕೋಸಿಸ್ ತರಬಲ್ಲ ಕಲ್ಲುದೂಳು. ಆದ್ದರಿಂದ ಈ ನಾಲ್ಕು ತಾಲ್ಲೂಕುಗಳಲ್ಲಿ 'ಏನು ಕೆಲಸ?' ಎಂಬುದೇ ಮೊದಲ ಕವಲಾಗಬೇಕು. ಕಸುಬುಗಳ ಹೆಸರು ಪಟ್ಟಿಯಲ್ಲೇ ಇರಬೇಕು.

ಮಿತವ್ಯಯಕ್ಕೂ ಮಿತಿ ಬೇಕು. ಕಫದಲ್ಲಿ ರಕ್ತ, ಎರಡು ವಾರ ಮೀರಿದ ಕೆಮ್ಮು, ಸ್ತನದಲ್ಲಿ ಗಂಟು ಅಪರೂಪವೆಂದು ಆ ಪ್ರಶ್ನೆಗಳನ್ನು ಯಾವ ಕವಲಿನಲ್ಲೂ ಬಿಡಕೂಡದು. ಸಂಕೇತಶಾಸ್ತ್ರವೂ ತಪ್ಪು ಹಿಡಿಯಲೆಂದೇ ಕೆಲವು ಹೆಚ್ಚುವರಿ ಅಂಕಿಗಳನ್ನು ಸೇರಿಸುತ್ತದೆ. ಹಾಗೆಯೇ 'ಬೀಡಿ ಸೇದುತ್ತೀರಾ?' ಎಂದು ಕೇಳಿದ ಮೇಲೆ, 'ಹಿಂದೆ ಸೇದುತ್ತಿದ್ದಿರಾ?' ಎಂದು ಇನ್ನೊಮ್ಮೆ ಕೇಳಿದರೆ ನಷ್ಟವಿಲ್ಲ.

ಮನೆಯವರ ಪಾಲೂ ಇದೆ. ಅತ್ತೆಯ ಪರವಾಗಿ ಸೊಸೆ, ಹೆಂಡತಿಯ ಪರವಾಗಿ ಗಂಡ ಉತ್ತರಿಸುವುದು ಬೇಡ. ಅವರವರ ಉಸಿರಿನ ಕಷ್ಟ ಅವರವರಿಗೇ ಗೊತ್ತು.