ಕಿರಿಯ ವಿನ್ಯಾಸಕರೂ ಹಿರಿಯರ ಹೊಣೆಯೂ

ನಮ್ಮ ದೇಶದ ವಿನ್ಯಾಸಶಾಲೆಗಳಿಂದ ವರ್ಷವರ್ಷವೂ ತರುಣ ತರುಣಿಯರು ಪದವಿ ಪಡೆದು ಹೊರಬರುತ್ತಿದ್ದಾರೆ. ಕುರ್ಚಿ, ದೀಪ, ಅಡುಗೆಯ ಯಂತ್ರ, ವೈದ್ಯರ ಉಪಕರಣ ಮೊದಲಾಗಿ ನಾವು ನಿತ್ಯವೂ ಬಳಸುವ ವಸ್ತುಗಳಿಗೆ ಆಕಾರವನ್ನೂ ಅನುಕೂಲವನ್ನೂ ಕಲ್ಪಿಸಿಕೊಡುವುದು ಇವರ ವೃತ್ತಿ. ಶಾಲೆಯಲ್ಲಿ ಇವರಿಗೆ ಆಚಾರ್ಯರುಂಟು. ಕಾರ್ಖಾನೆಯ ಹೊಸ್ತಿಲು ದಾಟಿದ ಮರುದಿನದಿಂದ ಯಾರುಂಟು? ಈ ಪ್ರಶ್ನೆಯನ್ನು ಉದ್ಯಮಿಗಳ, ಹಿರಿಯ ವಿನ್ಯಾಸಕರ ಹಾಗೂ ಸರ್ಕಾರದವರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

೧೯೫೮ರಲ್ಲಿ ಭಾರತ ಸರ್ಕಾರದ ಕೋರಿಕೆಯ ಮೇರೆಗೆ ಅಮೆರಿಕದ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ದಂಪತಿಗಳು ಒಂದು ವರದಿಯನ್ನು ಬರೆದುಕೊಟ್ಟರು. ಅದರಲ್ಲಿ ಅವರು ಬಹುವಾಗಿ ಮೆಚ್ಚಿದ್ದು ನಮ್ಮ ಮನೆಮನೆಯ ಚೊಂಬನ್ನು. ಅದು ಎಷ್ಟು ನೀರು ಹಿಡಿಯಬೇಕು, ತುಂಬಿದಾಗಲೂ ಬರಿದಾದಾಗಲೂ ತೂಕ ಹೇಗೆ ನಿಲ್ಲಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ಬಗ್ಗಿಸಿದರೆ ಧಾರೆ ಹೇಗೆ ಬೀಳಬೇಕು ಎಂಬುದೆಲ್ಲವನ್ನೂ ವಿಚಾರಿಸಿ, ಇದು ಒಬ್ಬ ಮನುಷ್ಯನ ಕೃತಿಯಾಗಿರಲಾರದು, ಅನೇಕ ತಲೆಮಾರುಗಳು ತಿದ್ದಿ ಬಂದುದು ಎಂದು ಅವರು ಕಂಡುಕೊಂಡರು. ತಿದ್ದುವ ಹಿರಿಯ ಕೈಯಿಲ್ಲದೆ ಒಳ್ಳೆಯ ವಸ್ತು ಹುಟ್ಟುವುದಿಲ್ಲವೆಂಬ ಪಾಠ ಇದರಲ್ಲಿ ಅಡಗಿದೆ.

ಆ ವರದಿಯನ್ನನುಸರಿಸಿ ೧೯೬೧ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪಿತವಾಯಿತು. ಅದೇ ವರ್ಷ ಶಿಶಿಕ್ಷು ಅಧಿನಿಯಮವೂ ಅಂಗೀಕೃತವಾಯಿತು. ೧೯೭೩ರ ತಿದ್ದುಪಡಿಯು ಇಂಜಿನಿಯರಿಂಗ್ ಪದವೀಧರರನ್ನೂ ೨೦೧೪ರ ತಿದ್ದುಪಡಿಯು ಇತರ ಪದವೀಧರರನ್ನೂ ಅದರ ವ್ಯಾಪ್ತಿಗೆ ತಂದುವು. ೨೦೦೭ರಲ್ಲಿ ಕೇಂದ್ರ ಮಂತ್ರಿಮಂಡಲವು ರಾಷ್ಟ್ರೀಯ ವಿನ್ಯಾಸ ನೀತಿಯನ್ನು ಒಪ್ಪಿತು. ಶಾಲೆಯುಂಟು, ಕಾಯಿದೆಯುಂಟು, ನೀತಿಯುಂಟು. ಆದರೆ ಹಿರಿಯನು ಕಿರಿಯನ ಮಗ್ಗುಲಲ್ಲಿ ಕುಳಿತು ಅವನ ನಕಾಶೆಯನ್ನು ನೋಡುವ ಒಂದು ಗಂಟೆಯನ್ನು ಯಾವ ಕಾಯಿದೆಯೂ ಹುಟ್ಟಿಸಲಾರದು.

ಆ ಒಂದು ಗಂಟೆಯ ಬೆಲೆಯೇನೆಂಬುದನ್ನು ಕಾರ್ಖಾನೆಯವರು ಬಲ್ಲರು. ಅಚ್ಚಿನಲ್ಲಿ ಎರಕವಾಗುವ ಪ್ಲಾಸ್ಟಿಕ್ ವಸ್ತುವಿನ ಗೋಡೆಗೆ ಕಿಂಚಿತ್ ಇಳಿಜಾರಿರಬೇಕು. ಇಲ್ಲವಾದರೆ ಅದು ಅಚ್ಚಿನಿಂದ ಬಿಡಿಸಿಕೊಳ್ಳದು. ಕೆಲವೆಡೆ ದಪ್ಪ ಹೆಚ್ಚಾದರೆ ಆರುವಾಗ ಮೇಲ್ಮೈ ಕುಳಿಬೀಳುವುದು. ಪರದೆಯ ಮೇಲೆ ಸುಂದರವಾಗಿ ತೋರಿದ ಚಿತ್ರದ ಈ ದೋಷ ಉಕ್ಕಿನ ಅಚ್ಚನ್ನು ಕೊರೆದ ಮೇಲೆ ಗೊತ್ತಾದರೆ ಆಗುವ ನಷ್ಟ ಅಲ್ಪವಲ್ಲ. ಅನುಭವಿಯ ಕಣ್ಣಿಗಾದರೋ ಅದು ಕಾಗದದ ಮೇಲೆಯೇ ಕಾಣುವುದು.

ಚನ್ನಪಟ್ಟಣದ ಬೊಂಬೆಯ ಕಸಬನ್ನು ನೋಡಿರಿ. ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಘರ್ಷಣೆಯ ಶಾಖದಿಂದ ಅರಗು ಕರಗಿ ಮರಕ್ಕೆ ಅಂಟುತ್ತದೆ. ಎಷ್ಟು ಒತ್ತಬೇಕೆಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ಹಿರಿಯನ ಪಕ್ಕದಲ್ಲಿ ಕುಳಿತ ಹುಡುಗನು ಕೈಯಿಂದ ಕೈಗೆ ಕಲಿಯುತ್ತಾನೆ. ಪದವೀಧರ ವಿನ್ಯಾಸಕನೂ ಇಂಥ ಕಸಬುದಾರನ ಮುಂದೆ ಕೆಲಕಾಲ ವಿದ್ಯಾರ್ಥಿಯಾಗಿ ಕುಳಿತರೆ ಅವನ ಪದವಿಗೆ ಕುಂದುಂಟಾಗದು.

ಹಿರಿಯರಿಗೆ ಸಮಯವಿಲ್ಲ, ಕಲಿತ ಹುಡುಗರು ಬೇರೆ ಕಂಪನಿಗೆ ಹಾರಿಹೋಗುತ್ತಾರೆ ಎಂದು ಉದ್ಯಮಿಗಳು ಆಕ್ಷೇಪಿಸಬಹುದು. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಎಲ್ಲರೂ ಇದೇ ಲೆಕ್ಕವನ್ನು ಹಾಕಿದರೆ ನುರಿತ ಕೈ ಯಾರಿಗೂ ದೊರೆಯದು. ಆಗ ಪರರ ನಕಾಶೆಯನ್ನು ಕೊಂಡು ತಿರುಪು ಬಿಗಿಯುವ ಕೆಲಸವೊಂದೇ ನಮ್ಮ ಪಾಲಿಗೆ ಉಳಿದೀತು. ಕಲಿಸಿದವನ ಬಳಿಯಿಂದ ಒಬ್ಬನು ಹೋದರೆ, ಕಲಿಯಬೇಕೆಂಬ ಆಸೆಯಿಂದ ಇಬ್ಬರು ಬರುವ ಸಂಭವವೂ ಉಂಟೆಂಬುದನ್ನು ಮರೆಯಬಾರದು.

ಮಾರ್ಗದರ್ಶನದ ಹೆಸರಿನಲ್ಲಿ ನಡೆಯುವುದೆಲ್ಲವೂ ಮಾರ್ಗದರ್ಶನವಲ್ಲ. ಕಲಿಕೆಯ ನೆಪದಿಂದ ಬಿಟ್ಟಿ ದುಡಿಸಿಕೊಳ್ಳುವುದು ಅನ್ಯಾಯ. ಕಿರಿಯರನ್ನು ತನ್ನ ಪ್ರತಿಬಿಂಬವಾಗಿ ಮಾಡಹೊರಡುವುದು ಅಹಂಕಾರ. ಕೆಲಸದ ತಪ್ಪನ್ನು ಹೇಳುವಾಗ ವ್ಯಕ್ತಿಯನ್ನು ಹಳಿಯಲಾಗದು. ತಾನು ಹಿಂದೆ ಮಾಡಿದ ತಪ್ಪನ್ನೂ ಹೇಳಿಕೊಳ್ಳುವ ಧೈರ್ಯ ಹಿರಿಯನಿಗಿರಬೇಕು. ವಸ್ತುವನ್ನು ಬಳಸುವವರ ಮನೆಗೂ ಅದನ್ನು ತಯಾರಿಸುವವರ ಯಂತ್ರದ ಬಳಿಗೂ ಕಿರಿಯರನ್ನು ಕರೆದೊಯ್ಯಬೇಕು. ೨೦೦೦ದ ವಿನ್ಯಾಸ ಅಧಿನಿಯಮದ ಪ್ರಕಾರ, ಪ್ರತಿಫಲ ಕೊಟ್ಟು ಮಾಡಿಸಿಕೊಂಡ ವಿನ್ಯಾಸದ ಒಡೆತನ ಮಾಡಿಸಿಕೊಂಡವರದು. ಒಡೆತನ ಅವರದಾಗಿರಲಿ; ಕಲ್ಪಿಸಿದ ಕಿರಿಯನ ಹೆಸರನ್ನಾದರೂ ಹೇಳುವ ಔದಾರ್ಯಕ್ಕೆ ಕಾಯಿದೆ ಅಡ್ಡಬರುವುದಿಲ್ಲ.

ನಮ್ಮ ಸೂಚನೆ ಸರಳವಾದುದು. ಪ್ರತಿಯೊಂದು ಸಂಸ್ಥೆಯೂ ಹೊಸಬನಿಗೆ ಒಬ್ಬ ಹಿರಿಯನನ್ನು ಗೊತ್ತುಮಾಡಲಿ. ವಾರಕ್ಕೆ ಕೆಲವು ಗಂಟೆಗಳನ್ನು ಅದಕ್ಕೆಂದೇ ಮೀಸಲಿಟ್ಟು ಆ ಹಿರಿಯನ ಕೆಲಸದ ಲೆಕ್ಕದಲ್ಲಿ ಸೇರಿಸಲಿ. ಸರ್ಕಾರದವರು ತಮ್ಮ ಉದ್ದಿಮೆಗಳಲ್ಲಿ ಮೊದಲು ಇದನ್ನು ಆಚರಿಸಿ ತೋರಿಸಲಿ. ಚೊಂಬನ್ನು ತಿದ್ದಿದವರ ಹೆಸರುಗಳು ನಮಗೆ ಉಳಿದಿಲ್ಲ. ಅವರು ಕಲಿಸಿಹೋದುದರಿಂದ ಚೊಂಬು ಉಳಿದಿದೆ. ಮುಂದಿನವರಿಗೆ ನಾವು ಏನನ್ನು ಉಳಿಸುವೆವೆಂಬುದನ್ನು ಹಿರಿಯರು ಇಂದೇ ನಿಶ್ಚಯಿಸತಕ್ಕದ್ದು.