ಕಿಸೆಯಲ್ಲಿ ಒಂದು ಒಳ್ಳೆಯ ಚಾಕು

ಚಾಕು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಪಾಲಕರ ಹುಬ್ಬು ಗಂಟಾಗುತ್ತದೆ. ಆದರೆ ನಮ್ಮ ಗುತ್ತಲದಂಥ ಊರಿನಲ್ಲಿ ಹರಿತವಾದ ವಸ್ತು ಇಲ್ಲದ ಮನೆ ಯಾವುದಿದೆ ಹೇಳಿ? ಅಡಿಗೆಮನೆಯಲ್ಲಿ ಈಳಿಗೆ, ಹಿತ್ತಲಲ್ಲಿ ಕೊಡಲಿ, ಹೊಲಕ್ಕೆ ಹೋದರೆ ಕುಡಗೋಲು. ಐದನೆಯ ತರಗತಿಯ ಹುಡುಗಿ ಈಳಿಗೆಯ ಮುಂದೆ ಕುಳಿತು ಉಳ್ಳಾಗಡ್ಡಿ ಹೆಚ್ಚಿದರೆ 'ಜಾಣೆ' ಎನ್ನುತ್ತೇವೆ. ಅದೇ ಹುಡುಗಿಯ ಕೈಯಲ್ಲಿ ಬೆರಳುದ್ದದ ಮಡಚುವ ಚಾಕು ಕಂಡರೆ ಕಸಿದುಕೊಳ್ಳುತ್ತೇವೆ. ಇದರಲ್ಲಿ ಸಿನಿಮಾದ ಖಳನಾಯಕರ ಪಾಲು ದೊಡ್ಡದು. ಅವರು ಗುಂಡಿ ಒತ್ತಿ ಟಕ್ಕೆಂದು ತೆರೆಯುತ್ತಿದ್ದ ರಾಂಪುರಿಯೇ ಮಡಚುವ ಚಾಕುವಿಗೆಲ್ಲ ಕೆಟ್ಟ ಹೆಸರು ತಂದಿತು.

ನನಗೂ ಐವತ್ತು ದಾಟುವವರೆಗೆ ಒಳ್ಳೆಯ ಕಿಸೆಚಾಕು ಇರಲಿಲ್ಲ. ಎರಡು ತಿಂಗಳ ಹಿಂದೆ, ಪರದೇಶದಲ್ಲಿ ನೌಕರಿಯಲ್ಲಿರುವ ನನ್ನ ತಮ್ಮನ ಮಗ ರಜೆಗೆ ಬಂದಾಗ ಒಂದನ್ನು ತಂದುಕೊಟ್ಟ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ ಕೆಂಪು ಚಾಕು. ಮಡಚಿದಾಗ 91 ಮಿಲಿಮೀಟರ್ ಉದ್ದ, ತೂಕ ಸುಮಾರು 60 ಗ್ರಾಂ. ಎರಡು ಅಲಗು, ಡಬ್ಬಿ ತೆರೆಯುವ ಕೊಕ್ಕೆ, ಬಾಟಲಿ ತೆರೆಯುವ ಕೊಕ್ಕೆ, ಒಂದು ದಬ್ಬಳ, ಚಿಮಟ, ಹಲ್ಲುಕಡ್ಡಿ, ಜೊತೆಗೆ ಬಿರಡೆ ಕೀಳುವ ಒಂದು ತಿರುಪು. ಬಿರಡೆಯ ಬಾಟಲಿ ನಮ್ಮ ಮನೆಗೆ ಬರುವುದಿಲ್ಲ. ಆ ತಿರುಪು ಸುತಳಿಯ ಬಿಗಿಗಂಟು ಬಿಚ್ಚಲು ಬಹಳ ಚೆನ್ನಾಗಿ ಒದಗುತ್ತದೆ.

ಮೊದಲು ಗಮನಕ್ಕೆ ಬಂದದ್ದು ಅದರ ಹೊಳಪಲ್ಲ, ಸಪ್ಪಳ. ನನ್ನ ಮೇಜಿನ ಖಾನೆಯಲ್ಲಿ ಎಂದೋ ಜಾತ್ರೆಯಲ್ಲಿ ಕೊಂಡ ಇದೇ ಬಣ್ಣದ, ಇದೇ ಆಕಾರದ ಅಗ್ಗದ ಚಾಕೂ ಇದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಜಾತ್ರೆಯ ಚಾಕುವಿನ ಅಲಗು ತೆರೆದ ಮೇಲೂ ಆಚೀಚೆ ತೂಗಾಡುತ್ತದೆ. ಬೆಳಕಿಗೆ ಹಿಡಿದರೆ ಪದರಗಳ ನಡುವೆ ಸಂದು ಕಾಣುತ್ತದೆ. ಹೊಸದರಲ್ಲಿ ಸಂದು ಕಣ್ಣಿಗೆ ಕಾಣುವುದೇ ಇಲ್ಲ. ಅಲಗನ್ನು ಉಗುರಿನಿಂದ ಎತ್ತಿದರೆ ಮೊದಲು ಬಿಗಿ, ನಂತರ ಕೊನೆಯಲ್ಲಿ 'ಟಕ್' ಎಂದು ತಾನಾಗಿ ನೆಟ್ಟಗಾಗುತ್ತದೆ. ಬೆನ್ನಿನಲ್ಲಿರುವ ಉಕ್ಕಿನ ಪಟ್ಟಿಯೇ ಅದರ ಸ್ಪ್ರಿಂಗ್. ಅಲಗಿನ ಬುಡದ ಮೂಲೆ ಆ ಪಟ್ಟಿಯನ್ನು ಕೂದಲೆಳೆಯಷ್ಟು ಮೇಲೆತ್ತುತ್ತದೆ, ಪಟ್ಟಿ ಮರಳಿ ಕೂಡುವಾಗ ಅಲಗನ್ನು ಒತ್ತಿ ನಿಲ್ಲಿಸುತ್ತದೆ. ಎಂಟನೆಯ ತರಗತಿಯಲ್ಲಿ ಸ್ಥಿತಿಸ್ಥಾಪಕತೆ ಕಲಿಸುವಾಗ ರಬ್ಬರ್ ಎಳೆದು ತೋರಿಸುವುದಕ್ಕಿಂತ ಇದು ಮೇಲು.

ಎರಡನೆಯ ಅನುಭವ ದಾಸವಾಳದ್ದು. ಹೂವಿನ ಅಂಡಾಶಯವನ್ನು ಅಡ್ಡ ಸೀಳಿದರೆ ಐದು ಕೋಣೆಗಳು ಕಾಣಬೇಕು ಎಂದು ಪುಸ್ತಕ ಹೇಳುತ್ತದೆ. ಮೊಂಡು ಅಲಗಿನಿಂದ ಸೀಳಿದರೆ ಕಾಣುವುದು ಹಸಿರು ಮುದ್ದೆ. ಹುಡುಗರು ಹೂವನ್ನು ನೋಡದೆ ಪುಸ್ತಕದ ಚಿತ್ರವನ್ನೇ ನಕಲು ಮಾಡುತ್ತಾರೆ. ಹೊಸ ಚಾಕುವಿನ ಸಣ್ಣ ಅಲಗಿನಿಂದ ಸೀಳಿದ ಅಂಡಾಶಯದಲ್ಲಿ ಐದೂ ಕೋಣೆಗಳು, ಒಳಗಿನ ಬಿಳಿ ಅಂಡಕಗಳು ಬರಿಗಣ್ಣಿಗೆ ಕಂಡವು.

ಇದರ ಕಾರಣ ಒತ್ತಡದ ಲೆಕ್ಕದಲ್ಲಿದೆ. ಒತ್ತಡವೆಂದರೆ ಬಲ ಭಾಗಿಸು ಕ್ಷೇತ್ರಫಲ. ನೀವು ಒಂದು ಕಿಲೋ ತೂಕದಷ್ಟು, ಅಂದರೆ ಸುಮಾರು 10 ನ್ಯೂಟನ್ ಬಲ ಹಾಕಿ ಅಲಗಿನ 2 ಸೆಂಟಿಮೀಟರ್ ಭಾಗವನ್ನು ಒತ್ತುತ್ತೀರಿ ಎಂದುಕೊಳ್ಳಿ. ಬಾಯಿಯ ದಪ್ಪ ಒಂದು ಮೈಕ್ರೋಮೀಟರ್ ಇದ್ದರೆ ಒತ್ತಡ 50 ಕೋಟಿ ಪಾಸ್ಕಲ್. ವಾಯುಮಂಡಲದ ಒತ್ತಡದ ಸುಮಾರು 5000 ಪಟ್ಟು! ಅದೇ ಬಾಯಿ ಮೊಂಡಾಗಿ 50 ಮೈಕ್ರೋಮೀಟರ್ ಆಗಿದ್ದರೆ (ಇದೂ ಕೂದಲಿಗಿಂತ ತೆಳುವೇ) ಒತ್ತಡ ಐವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆಗ ನಾವೇನು ಮಾಡುತ್ತೇವೆ? ಬಲ ಹೆಚ್ಚು ಹಾಕುತ್ತೇವೆ. ಹೆಚ್ಚು ಬಲ ಹಾಕಿದ ಕೈ ಜಾರುತ್ತದೆ. ಅಡಿಗೆಮನೆಯಲ್ಲಿ ಬೆರಳು ಕೊಯ್ದುಕೊಳ್ಳಲು ಮೊಂಡು ಚಾಕು ಎಷ್ಟೋ ಸಲ ಕಾರಣವಾಗುವುದು ಹೀಗೆ. ತಾಯಂದಿರಿಗೆ ಇನ್ನೊಂದು ಮಾತು: ಹರಿತ ಅಲಗು ಉಳ್ಳಾಗಡ್ಡಿಯ ಕೋಶಗಳನ್ನು ಜಜ್ಜದೆ ಸೀಳುತ್ತದೆ, ಕಣ್ಣುರಿಸುವ ಅನಿಲ ಕಡಿಮೆ ಹುಟ್ಟುತ್ತದೆ.

ಹರಿತ ಮಾಡುವುದು ಕಷ್ಟವಲ್ಲ, ಜಾತ್ರೆಯ ಚಾಕುವನ್ನೂ ಮಸೆದು ಹರಿತ ಮಾಡಬಹುದು. ಆದರೆ ನಾಲ್ಕು ದಿನಕ್ಕೆ ಅದು ಮತ್ತೆ ಮೊಂಡು. ಬಾಯಿ ನಿಲ್ಲಬೇಕಾದರೆ ಉಕ್ಕಿನಲ್ಲಿ ಹದ ಬೇಕು. ಈ ಮಾತನ್ನು ನಮ್ಮ ಕಂಬಾರರಿಗಿಂತ ಚೆನ್ನಾಗಿ ತಿಳಿದವರಿಲ್ಲ. ಕುಡಗೋಲನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುವುದನ್ನು ನೀವು ನೋಡಿರುತ್ತೀರಿ. ಹಾಗೆ ಥಟ್ಟನೆ ತಣಿದ ಉಕ್ಕಿನಲ್ಲಿ ಇಂಗಾಲದ ಪರಮಾಣುಗಳು ಕಬ್ಬಿಣದ ಜಾಲರಿಯೊಳಗೆ ಸಿಕ್ಕಿಬಿದ್ದು ಅದು ಗಾಜಿನಂತೆ ಗಡುಸಾಗುತ್ತದೆ. ಗಾಜಿನಂತೆಯೇ ಸಿಡಿಯುತ್ತದೆ ಕೂಡ. ಆದ್ದರಿಂದ ಮತ್ತೆ ಹಗುರವಾಗಿ ಕಾಯಿಸಬೇಕು. ಉಜ್ಜಿದ ಲೋಹದ ಮೇಲೆ ಹುಲ್ಲಿನ ಹಳದಿ ಬಣ್ಣ ಬಂದರೆ ಶಾಖ ಸುಮಾರು 230 ಡಿಗ್ರಿ, ನೀಲಿ ಬಂದರೆ ಸುಮಾರು 300. ಉಷ್ಣಮಾಪಕವಿಲ್ಲದೆ ಕಣ್ಣಿನಲ್ಲೇ ಇದನ್ನು ಅಳೆಯುವ ಕಂಬಾರರು ನನ್ನ ದೃಷ್ಟಿಯಲ್ಲಿ ಪದವಿಯಿಲ್ಲದ ಲೋಹಶಾಸ್ತ್ರಜ್ಞರು.

ಚಾಕುವನ್ನು ಪರಿಚಯದ ಕಂಬಾರರೊಬ್ಬರಿಗೆ ತೋರಿಸಿದೆ. ಉಗುರಿನ ಮೇಲೆ ಬಾಯಿ ಆಡಿಸಿ ನೋಡಿದರು, ಸ್ಪ್ರಿಂಗನ್ನು ಎರಡು ಸಲ ತೆಗೆದು ಹಾಕಿದರು. "ಚಲೋ ಹದ ಐತ್ರಿ ಸರ. ಆದ್ರ ಇದರ ಸ್ಪ್ರಿಂಗ್ ಮುರದ್ರ ನನ್ನ ಕಡೆ ತರಬ್ಯಾಡ್ರಿ. ಕುಡಗೋಲ ಬಾಯಿ ಹೋದ್ರ ತರ್ರಿ" ಎಂದರು. ಚಾಕುವಿನ ಒಂದು ನಿಜವಾದ ಕೊರತೆಯನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ನಮ್ಮೂರಲ್ಲಿ ರಿಪೇರಿಯಾಗದ ವಸ್ತು ಎಷ್ಟೇ ಒಳ್ಳೆಯದಾದರೂ ಅರ್ಧ ಪರಕೀಯವೇ.

ಆದರೂ ಪೂರ್ತಿ ಪರಕೀಯ ಎನ್ನುವಂತಿಲ್ಲ. 'ಉಕ್ಕು' ಎಂಬ ನಮ್ಮ ಶಬ್ದವೇ ಇಂಗ್ಲಿಷರ ಬಾಯಲ್ಲಿ 'ವೂಟ್ಸ್' ಆಯಿತು ಎಂದು ಬಹಳ ವಿದ್ವಾಂಸರು ಒಪ್ಪುತ್ತಾರೆ. ಮೂಸೆಯಲ್ಲಿ ಕರಗಿಸಿ ಇಂಥ ಉಕ್ಕು ಮಾಡಿದ ಕುರುಹುಗಳು ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಸಿಕ್ಕಿವೆ. ಭಾರತದಿಂದ ಹೋದ ಈ ಉಕ್ಕಿನ ಬಗ್ಗೆ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧವೇ ಬಂತು. ಆ ನಗರದಲ್ಲಿ ಶಸ್ತ್ರಚಿಕಿತ್ಸೆಯ ಕತ್ತಿಗಳನ್ನು ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ಇದನ್ನು ಬಹಳ ಮೆಚ್ಚಿಕೊಂಡಿದ್ದ. ಅವನ ಜೊತೆಗೂಡಿ ಇದರ ಗುಟ್ಟು ಹುಡುಕಲು ಹೊರಟವನು ಮೈಕೆಲ್ ಫ್ಯಾರಡೆ. ಹೌದು, ನೀವು ವಿದ್ಯುತ್ ಪಾಠದಲ್ಲಿ ಓದುವ ಅದೇ ಫ್ಯಾರಡೆ. ಅವನ ತಂದೆಯೂ ಒಬ್ಬ ಕಮ್ಮಾರ! ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ನೋಡುತ್ತ 1820ರ ಸುಮಾರಿಗೆ ಅವರಿಬ್ಬರೂ ಕ್ರೋಮಿಯಂ ಅನ್ನೂ ಬೆರೆಸಿದ್ದರು. ತುಕ್ಕು ಹಿಡಿಯದ ಉಕ್ಕನ್ನು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತಯಾರಿಸಿದ್ದು 1913ರಲ್ಲಿ.

ನನ್ನ ಚಾಕುವಿನ ಉಕ್ಕಿನಲ್ಲಿ ನೂರಕ್ಕೆ ಸುಮಾರು 15 ಭಾಗ ಕ್ರೋಮಿಯಂ, ಅರ್ಧ ಭಾಗ ಇಂಗಾಲ. ಕ್ರೋಮಿಯಂ ಗಾಳಿಯ ಆಕ್ಸಿಜನ್ನಿನೊಂದಿಗೆ ಸೇರಿ ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆ ಕಟ್ಟುತ್ತದೆ. ಗೀರಿದರೆ ಪೊರೆ ಮತ್ತೆ ತಾನೇ ಕೂಡಿಕೊಳ್ಳುತ್ತದೆ. ಬಾಳೆಕಾಯಿ ಹೆಚ್ಚಿದ ಈಳಿಗೆ ಕಪ್ಪಾಗುವುದನ್ನು ನೋಡಿದ್ದೀರಲ್ಲ? ಕಾಯಿಯ ಒಗರು, ಅಂದರೆ ಟ್ಯಾನಿನ್, ಕಬ್ಬಿಣದೊಂದಿಗೆ ಕೂಡಿದ ಕಪ್ಪು ಅದು; ಹಳೆಯ ಕಾಲದ ಶಾಯಿಯೂ ಹೀಗೇ ಆಗುತ್ತಿತ್ತು. ಈ ಚಾಕು ಕಪ್ಪಾಗಲಿಲ್ಲ. ಹಾಗೆಂದು ಉಪ್ಪು ಹಚ್ಚಿದ ಮಾವಿನಕಾಯಿ ಕೊಯ್ದು ತೊಳೆಯದೆ ಇಟ್ಟೀರಿ ಜೋಕೆ! ಉಪ್ಪಿನ ಕ್ಲೋರೈಡ್ ಆ ಪೊರೆಯನ್ನೂ ತಿನ್ನುತ್ತದೆ.

ಕಂಪನಿಯ ಕಥೆ ಚಿಕ್ಕದು. ಕಾರ್ಲ್ ಎಲ್ಸೆನರ್ ಎಂಬಾತ 1884ರಲ್ಲಿ ಸ್ವಿಟ್ಜರ್ಲೆಂಡಿನ ಇಬಾಖ್ ಎಂಬ ಊರಲ್ಲಿ ಕಾರ್ಯಾಗಾರ ತೆರೆದ. ಆಗ ಸ್ವಿಸ್ ಸೈನ್ಯಕ್ಕೆ ಚಾಕು ಜರ್ಮನಿಯಿಂದ ಬರುತ್ತಿತ್ತು. ಡಬ್ಬಿ ತೆರೆಯಲು, ಬಂದೂಕು ಬಿಚ್ಚಲು ಸೈನಿಕನಿಗೆ ಅದು ಬೇಕಾಗಿತ್ತು. 1891ರಿಂದ ಎಲ್ಸೆನರ್ ತಾನೇ ಒದಗಿಸತೊಡಗಿದ, 1897ರಲ್ಲಿ ಇಂದಿನ ಮಾದರಿಗೆ ಹಕ್ಕುಪತ್ರ ಪಡೆದ. 1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಆಕೆಯ ಹೆಸರನ್ನೇ ಇಟ್ಟ. ಸ್ಟೇನ್‌ಲೆಸ್ ಉಕ್ಕಿನ 'ಇನಾಕ್ಸ್' 1921ರಲ್ಲಿ ಅದಕ್ಕೆ ಸೇರಿತು.

"ಅಲ್ರಿ ಸರ, ಇಂಥಾದ್ದು ಹುಡುಗರ ಕೈಯಾಗ ಕೊಟ್ರ ಹೆಂಗ್ರಿ?" ಎಂದು ಪಾಲಕರೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಕಾಯ್ದೆಯ ಮಾತು ಮೊದಲು: ಆಯುಧ ನಿಯಮಗಳಲ್ಲಿ ಲೈಸೆನ್ಸಿನ ಮಾತು ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿಗೆ. ಇದು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಶಾಲೆಯ ಚೀಲದಲ್ಲಿ, ಪರೀಕ್ಷೆಯ ಕೋಣೆಯಲ್ಲಿ, ಜಾತ್ರೆಯ ಗದ್ದಲದಲ್ಲಿ ಚಾಕುವಿಗೆ ಜಾಗವಿಲ್ಲ. ನನ್ನದೂ ಶಾಲೆಯ ಪ್ರಯೋಗಾಲಯದ ಬೀಗದ ಕಪಾಟಿನಲ್ಲಿಯೋ ಮನೆಯಲ್ಲಿಯೋ ಇರುತ್ತದೆ. ವಿಮಾನದಲ್ಲಿ ಕೈಚೀಲದೊಳಗೆ ಇಡುವಂತಿಲ್ಲ. ಮನೆಯಲ್ಲಿ ಮಾತ್ರ, ಹನ್ನೊಂದು ಹನ್ನೆರಡು ವರ್ಷದ ಮಗು ನಿಮ್ಮ ಪಕ್ಕದಲ್ಲಿ ಕುಳಿತು ಪೆನ್ಸಿಲ್ ಚೂಪು ಮಾಡಲಿ, ಸೋಪಿನ ತುಂಡಿನಲ್ಲಿ ಮೀನು ಕೆತ್ತಲಿ ಎಂಬುದು ನನ್ನ ಅಭಿಪ್ರಾಯ. ಅವಿತು ಕಲಿಯುವುದಕ್ಕಿಂತ ಎದುರಿಗೆ ಕಲಿಯುವುದು ಒಳ್ಳೆಯದು.

ಹೇಳಿಕೊಡಬೇಕಾದ್ದು ಬಹಳವಿಲ್ಲ. ಅಲಗು ಮೈಯಿಂದ ದೂರಕ್ಕೆ ಸಾಗಬೇಕು. ಇದರ ಅಲಗಿಗೆ ಬೀಗವಿಲ್ಲ, ಸ್ಪ್ರಿಂಗಿನ ಹಿಡಿತವಷ್ಟೇ; ಮೊನೆಯಿಂದ ಚುಚ್ಚಿ ಒತ್ತಿದರೆ ಅಲಗು ಬೆರಳಿನ ಮೇಲೆಯೇ ಮಡಚಿಕೊಳ್ಳಬಹುದು. ಕೈಜಾರಿದ ಚಾಕುವನ್ನು ಹಿಡಿಯಲು ಹೋಗಬಾರದು. ಒಂದು ಮೀಟರ್ ಎತ್ತರದಿಂದ ನೆಲ ಮುಟ್ಟಲು ಅದಕ್ಕೆ 0.45 ಸೆಕೆಂಡು ಬೇಕು, ನಮ್ಮ ಕೈ ಪ್ರತಿಕ್ರಿಯೆ ಆರಂಭಿಸಲು ಸುಮಾರು 0.2 ಸೆಕೆಂಡು ಸಾಕು. ಅಂದರೆ ಕೈ ಅಲಗಿನ ಬಳಿ ಸರಿಯಾದ ಹೊತ್ತಿಗೇ ತಲುಪುತ್ತದೆ, ಅದೇ ಅಪಾಯ! ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಹುಟ್ಟುತ್ತದೆ ಎಂದು ನಮ್ಮ ಹಿರಿಯರು ಕೆಳಗಿಟ್ಟು ಕೊಡುತ್ತಿದ್ದರು. ಜಗಳದ ಮಾತು ನಾನು ನಂಬುವುದಿಲ್ಲ, ಪದ್ಧತಿ ಮಾತ್ರ ಬಹಳ ಸೊಗಸಾದದ್ದು.

ಇನ್ನು ಮಸೆಯುವುದು. ಹತ್ತನೆಯ ತರಗತಿಯವರು ಇದನ್ನು ಮಾಡಿ ನೋಡಬಹುದು, ಪಾಲಕರು ಪಕ್ಕದಲ್ಲಿರಲಿ. ಅಲಗಿನ ಅಗಲ ಸುಮಾರು 12 ಮಿಲಿಮೀಟರ್. ಕಲ್ಲಿನ ಮೇಲೆ ಬಾಯಿಯನ್ನಿಟ್ಟು ಬೆನ್ನನ್ನು 4 ಮಿಲಿಮೀಟರ್ ಎತ್ತಿ ಹಿಡಿದರೆ ಕೋನದ ಸೈನ್ ಮೂರನೆಯ ಒಂದು, ಕೋನ ಹತ್ತೊಂಬತ್ತೂವರೆ ಡಿಗ್ರಿ. ಈ ಚಾಕುವಿಗೆ ಒಂದೊಂದು ಬದಿಗೆ 15ರಿಂದ 20 ಡಿಗ್ರಿ ಸರಿ. ನಯವಾದ ಕಲ್ಲು, ನಾಲ್ಕು ಹನಿ ನೀರು, ಎರಡೂ ಬದಿಗೆ ಹತ್ತು ಹತ್ತು ಸಲ ಹಗುರವಾಗಿ. ಎರಡು ತಿಂಗಳಲ್ಲಿ ನನಗೆ ಇದರ ಅಗತ್ಯ ಬಿದ್ದದ್ದು ಒಂದೇ ಸಲ, ಅದೂ ಮೆಣಸಿನಕಾಯಿ ಚೀಲಗಳ ಸುತಳಿಯನ್ನು ದಿನವಿಡೀ ಕೊಯ್ದ ಮೇಲೆ. ತೊಳೆದು, ಒರೆಸಿ, ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟೆ. ಜಾತ್ರೆಯ ಚಾಕುವಿನಿಂದ ಈಗ ಲಕೋಟೆ ತೆರೆಯುತ್ತೇನೆ.